ನೂರ ಅರವತ್ತಮೂರು ಸಲ ಮಧುಸೂದನ್

ಕುಯ್ಯ್... ಕರ್ರ್ರ್... ಟಿಂವ್, ಟಿಂವ್.

ರಾತ್ರಿ ಹನ್ನೆರಡೂವರೆಯಲ್ಲಿ ಶಂಕರಪುರಂನ ಹಳೆಯ ಮನೆಯೊಂದರ ಹಜಾರದಿಂದ ಈ ಸಣ್ಣ ಸದ್ದು ಬಂತು. ಡಾಕ್ಟರ್ ಮಧುಸೂದನ್ ಎಂಬ ಐವತ್ತೊಂದು ವರ್ಷದ ವಿಜ್ಞಾನಿ ಮೋಡೆಮ್ಮಿನ ಮೇಲೆ ದಿಂಬು ಇಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದರು. ತಿಳಿಯದವರು ನೋಡಿದ್ದರೆ ಯಾವುದೋ ಬೆಕ್ಕಿನ ಮರಿಯ ಉಸಿರು ಕಟ್ಟಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಇಂಟರ್ನೆಟ್ಟು ಟೆಲಿಫೋನ್ ತಂತಿಯೊಳಗೆ ನುಸುಳಿಕೊಂಡು, ನರಳುತ್ತ ಬರುತ್ತಿದ್ದ ಕಾಲ ಅದು. ಹಗಲಿನಲ್ಲಿ ಆ ತಂತಿ ಅವರ ತಾಯಿ ರಂಗನಾಯಕಮ್ಮನವರ ವಶದಲ್ಲಿರುತ್ತಿತ್ತು. ನೆಂಟರಿಷ್ಟರ ಸುದ್ದಿಯೆಲ್ಲ ಓಡಾಡಿ ಮುಗಿದ ಮೇಲೆ, ನಡುರಾತ್ರಿಯಲ್ಲಿ, ವಿಜ್ಞಾನದ ಪಾಳಿ.

"ರೀ, ಇಲೀನಾ?" ಒಳಗಿನಿಂದ ಹೆಂಡತಿ ಶ್ರೀವಿದ್ಯಾ ಕೇಳಿದರು.

"ಅಲ್ಲ, ನಾನು."

"ಇಲಿ ಆಗಿದ್ರೆ ಬೋನಾದ್ರೂ ಇಡಬಹುದಿತ್ತು," ಎನ್ನುತ್ತ ಶ್ರೀವಿದ್ಯಾ ಎದ್ದು ಬಂದರು.

ಮಧುಸೂದನ್ ಪರದೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಅವರ ಹೆಸರಿನ ಕೆಳಗೆ ಒಂದು ಸಂಖ್ಯೆ ಇತ್ತು: ೧೬೩.

ಮಧುಸೂದನ್ ಅವರ ಕೆಲಸ ಕಂಪ್ಯೂಟರಿನಲ್ಲಿ ಔಷಧಿ ಹುಡುಕುವುದು. ಬಳೆಗಾರ ಕೈ ಹಿಸುಕಿ ಯಾವ ಬಳೆ ಹಿಡಿಸುತ್ತದೆ ಎಂದು ನೋಡುವ ಹಾಗೆ, ಕಂಪ್ಯೂಟರು ಸಾವಿರಾರು ಅಣುಗಳನ್ನು ರೋಗದ ಪ್ರೋಟೀನಿನ ಕೈಗೆ ತೊಡಿಸಿ ತೊಡಿಸಿ ನೋಡುತ್ತದೆ. ಬಿಗಿಯಾಗಿ ಕೂತದ್ದು ಔಷಧಿಯಾದೀತು. ಹಾಗೆ ಒಂಬತ್ತು ವರ್ಷದ ಹಿಂದೆ, ಮೆಂತ್ಯದಲ್ಲಿರುವ ಒಂದು ಅಣು ಸಕ್ಕರೆ ಕಾಯಿಲೆಯ ಪ್ರೋಟೀನಿಗೆ ಬಲು ಬಿಗಿಯಾಗಿ ಕೂರುತ್ತದೆ ಎಂದು ಅವರು ಕಂಡುಹಿಡಿದಿದ್ದರು. ೧೯೯೭ರಲ್ಲಿ ಆ ಪ್ರಬಂಧ ಅಚ್ಚಾಯಿತು. ಅಚ್ಚಾದ ಮೇಲೆ ಅದನ್ನು ಯಾರೂ ನೆನೆಯಲಿಲ್ಲ, ಅವರೂ ಸೇರಿ. ಈಗ, ಯಾರು ಯಾರ ಪ್ರಬಂಧವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಪುಕ್ಕಟೆಯಾಗಿ ಎಣಿಸಿ ಹೇಳುವ ವೆಬ್‌ಸೈಟೊಂದು ಹೊಸದಾಗಿ ಬಂದಿತ್ತು. ಅದು ಹೇಳುತ್ತಿತ್ತು: ನೂರ ಅರವತ್ತಮೂರು ಸಲ.

"ಅಂದ್ರೆ ಅರಿಸಿನ ಕುಂಕುಮ ಇದ್ದ ಹಾಗೆ," ಎಂದರು ಶ್ರೀವಿದ್ಯಾ. "ಅವರು ನಮ್ಮನೆಗೆ ಬಂದ್ರೆ ನಾವು ಅವರ ಮನೆಗೆ ಹೋಗೋದು. ಬರದಿದ್ರೆ ನಾವೂ ಹೋಗಲ್ಲ."

"ಛೆ, ಛೆ! ಇದು ವಿಜ್ಞಾನ," ಎಂದರು ಮಧುಸೂದನ್. ತಾವೂ ಪುಣೆಯ ಗೆಳೆಯರೊಬ್ಬರೂ ಹದಿನೈದು ವರ್ಷದಿಂದ ಹಾಗೇ ಹೋಗಿ ಬಂದು ಮಾಡುತ್ತಿರುವುದು ನೆನಪಾದರೂ ಆಡಲಿಲ್ಲ.

"ಸರಿ. ನಿಮ್ಮ ಬಗ್ಗೆ ಏನಂತ ಬರೆದಿದಾರೆ?"

"ಬರೆದಿದಾರೆ."

"ಅದೇ, ಏನಂತ?"

"ಬರೆದಿದಾರಲ್ಲ ಶ್ರೀ! ಅದು ಸಾಲ್ದಾ?"

ಸಾಲುತ್ತಿತ್ತು. ಯಾಕೆಂದರೆ ಅವರ ಸಂಸ್ಥೆಯಲ್ಲಿ ಒಂದೇ ಒಂದು ಪ್ರೊಫೆಸರ್ ಹುದ್ದೆ ಖಾಲಿಯಾಗಿತ್ತು. ಅದಕ್ಕೆ ಇಬ್ಬರು ಇದ್ದರು: ಇವರು, ಮತ್ತು ಮೂವತ್ತಾರು ವರ್ಷದ ಕಶ್ಯಪ್. ಕಶ್ಯಪ್ ಪ್ರೊಫೆಸರ್ ಆದರೆ ಇನ್ನು ನಿವೃತ್ತಿಯವರೆಗೆ ಮಧುಸೂದನ್ ಅವರ ರಜೆ ಅರ್ಜಿಗೆ ಅವನು ಸಹಿ ಹಾಕಬೇಕು. ತಾವೇ ಕೆಲಸ ಕಲಿಸಿದ ಹುಡುಗನ ಮುಂದೆ ನಿಂತು "ತಾಯಿಗೆ ಮಂಡಿ ನೋವು, ಒಂದು ದಿನ ರಜೆ ಬೇಕಾಗಿತ್ತು" ಎನ್ನುವ ದೃಶ್ಯ ಎರಡು ತಿಂಗಳಿಂದ ಅವರ ಅನ್ನ ಇಳಿಯದ ಹಾಗೆ ಮಾಡಿತ್ತು. ಈ ಸಲ ಉಲ್ಲೇಖದ ಸಂಖ್ಯೆಯ ಮೇಲೇ ಹುದ್ದೆ ಎಂದು ನಿರ್ದೇಶಕರು ಸುತ್ತೋಲೆ ಕಳಿಸಿದ್ದರು. ಕಶ್ಯಪನ ಸಂಖ್ಯೆ ನಲವತ್ತೊಂದು.

ಮಧುಸೂದನ್ ಅವತ್ತು ಮಗುವಿನಂತೆ ನಿದ್ದೆ ಮಾಡಿದರು. ಶ್ರೀವಿದ್ಯಾ ಅವರಿಗೆ ನಿದ್ದೆ ಬರಲಿಲ್ಲ. ಗಂಡ ಕಾರಣವಿಲ್ಲದೆ ಖುಷಿಯಾದಾಗಲೆಲ್ಲ ಅವರಿಗೆ ಹಾಗಾಗುತ್ತಿತ್ತು.

ಬೆಳಗ್ಗೆ ಟೆಲಿಫೋನು ಮತ್ತೆ ರಂಗನಾಯಕಮ್ಮನವರ ಕೈಗೆ ಬಂತು. ಎಂಟು ಗಂಟೆಯೊಳಗೆ ಹನುಮಂತನಗರದ ಷಡ್ಡಕರ ಮನೆಗೆ, ಒಂಬತ್ತರೊಳಗೆ ಮಲ್ಲೇಶ್ವರದ ಸೋದರತ್ತೆಯವರ ಮನೆಗೆ ಸುದ್ದಿ ಮುಟ್ಟಿತು. ಮುಟ್ಟುವಾಗ ಸುದ್ದಿ ಸ್ವಲ್ಪ ಊದಿಕೊಳ್ಳುವುದು ಸಹಜ. ಹತ್ತು ಗಂಟೆಗೆ ಅದು ಗಾಂಧಿಬಜಾರು ಸುತ್ತಿಕೊಂಡು, ಹಿಂದಿನ ಬೀದಿಯ ಮಾಯಣ್ಣನ ರೂಪದಲ್ಲಿ ಅವರ ಮನೆಗೇ ವಾಪಸು ಬಂತು.

ಮಾಯಣ್ಣ ಸೈಟು ಕೊಡಿಸುವ ವ್ಯಾಪಾರದಲ್ಲಿ ಗಟ್ಟಿಯಾಗಿ, ಈಗ ಕಾರ್ಪೊರೇಷನ್ ಚುನಾವಣೆಗೆ ಟಿಕೆಟ್ಟು ಹುಡುಕುತ್ತಿದ್ದವನು. ಎರಡೂ ಬೀದಿಯ ಗಣೇಶೋತ್ಸವ ಸಮಿತಿಯ ಅಧ್ಯಕ್ಷನೂ ಅವನೇ.

"ಒಳಗೆ ಬರ್ಬೋದಾ ಡಾಕ್ಟ್ರೇ?" ಎಂದು ಕುರ್ಚಿಯಲ್ಲಿ ಕೂತ ಮೇಲೆ ಕೇಳಿದ. "ಅಮ್ಮಾವ್ರು ಹೇಳಿದ್ರು. ನೂರಾ ಅರವತ್ಮೂರು ದೇಶದೋರು ಒಪ್ಕೊಂಡವ್ರಂತೆ."

"ದೇಶ ಅಲ್ಲ ಮಾಯಣ್ಣ, ಪ್ರಬಂಧ. ಒಪ್ಕೊಂಡಿದಾರೆ ಅಂತಲ್ಲ, ಉಲ್ಲೇಖ ಮಾಡಿದಾರೆ."

"ಅದೇ ಸ್ವಾಮಿ. ಸಕ್ರೆ ಕಾಯ್ಲೆಗೆ ಅಂತಲ್ಲಾ? ನಂಗೆ ಇನ್ನೂರೈವತ್ತೈತೆ. ಏನದು ಮದ್ದು?"

"ಮದ್ದು ಅಂತ ಇನ್ನೂ ಆಗಿಲ್ಲ. ಮೆಂತ್ಯದಲ್ಲಿ ಒಂದು ಅಣು ಇದೆ..."

"ಮೆಂತ್ಯ!" ಮಾಯಣ್ಣ ತೊಡೆ ತಟ್ಟಿಕೊಂಡ. "ನಮ್ಮಜ್ಜಿ ಅದನ್ನೇ ಅಂತಿದ್ಳು. ಪಾಪ, ಅವಳತ್ರ ಕಂಪ್ಯೂಟ್ರಿರಲಿಲ್ಲ ಅಷ್ಟೆ. ಹಂಗಾದ್ರೆ ನಾಳೆಯಿಂದ ನಾನು ಮಾತ್ರೆ ಬಿಟ್ಬಿಡ್ಲಾ?"

"ಬೇಡಿ! ದಮ್ಮಯ್ಯ ಅಂತೀನಿ, ಬಿಡಬೇಡಿ!" ಎಂದು ಮಧುಸೂದನ್ ಎದ್ದೇ ನಿಂತರು.

ಮಾಯಣ್ಣ ರಂಗನಾಯಕಮ್ಮನವರ ಕಡೆ ತಿರುಗಿ, "ನೋಡಿದ್ರಾ ಅಮ್ಮ? ದೊಡ್ಡೋರ ಗುಣ ಇದು. ತಮ್ ಮದ್ದನ್ನ ತಾವೇ ಹೊಗಳ್ಕೊಳಲ್ಲ," ಎಂದ. ಅಲ್ಲೇ, ಆಗಲೇ, ಆ ವರ್ಷದ ಗಣೇಶನ ವೇದಿಕೆಯಲ್ಲಿ ಡಾಕ್ಟರ್ ಮಧುಸೂದನ್ ಅವರಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಹಿಂದಿನ ವರ್ಷ ಅದೇ ವೇದಿಕೆಯಲ್ಲಿ ಒಂದೇ ಪಟ್ಟಿಗೆ ಕೂತು ಐವತ್ತೆರಡು ಇಡ್ಲಿ ತಿಂದ ದೊರೆಸ್ವಾಮಿಗೆ ಸನ್ಮಾನವಾಗಿತ್ತು. ಸಮಿತಿಯವರಿಗೆ ಒಂದು ಸಂಖ್ಯೆ ಬೇಕು. ಯಾವುದರದು ಎಂಬ ಬಗ್ಗೆ ಅವರದು ಉದಾರ ಮನಸ್ಸು.

ಅತ್ತ ಸಂಸ್ಥೆಯಲ್ಲಿ ನಿರ್ದೇಶಕ ವರದರಾಜರು ಇನ್ನೂ ಉದಾರಿಯಾದರು. "ಏನ್ರೀ ಮಧುಸೂದನ್, ಇಷ್ಟು ದಿನ ಬಚ್ಚಿಟ್ಕೊಂಡಿದ್ರಲ್ಲ!" ಎಂದು, ಹದಿನೇಳು ವರ್ಷದಲ್ಲಿ ಮೊದಲ ಸಲ ಕೂರಲು ಹೇಳಿ ಕಾಫಿ ತರಿಸಿದರು. ಸಂಸ್ಥೆಯ ಒಟ್ಟು ಉಲ್ಲೇಖದಲ್ಲಿ ಕಾಲು ಭಾಗ ಈ ಒಂದೇ ಪ್ರಬಂಧದಿಂದ ಬಂದಿತ್ತು. ದೆಹಲಿಗೆ ಕಳಿಸುವ ವಾರ್ಷಿಕ ವರದಿಯಲ್ಲಿ ಅದಕ್ಕೊಂದು ಪೂರ್ತಿ ಪುಟ ಕೊಡುವುದಾಗಿಯೂ, ಬಣ್ಣದ ಚಿತ್ರ ಬೇಕೆಂದೂ, ಮೆಂತ್ಯದ ಚಿತ್ರವಾದರೆ ಎಲ್ಲರಿಗೂ ಅರ್ಥವಾಗುತ್ತದೆಂದೂ ಹೇಳಿದರು.

ಕಾರಿಡಾರಿನಲ್ಲಿ ಕಶ್ಯಪ್ ಸಿಕ್ಕಿದ. ಸಣಕಲು ಮೈ, ದಪ್ಪ ಕನ್ನಡಕ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾದದ್ದನ್ನೂ ಓದುವ ಜಾತಿಯವನು.

"ಕಂಗ್ರಾಜುಲೇಷನ್ಸ್ ಸಾರ್. ಅವನ್ನೆಲ್ಲ ಓದಿದ್ರಾ?"

"ಯಾವುದನ್ನ?"

"ನಿಮ್ಮನ್ನ ಉಲ್ಲೇಖಿಸಿರೋ ಪ್ರಬಂಧಗಳನ್ನ."

"ನೂರಾ ಅರವತ್ಮೂರನ್ನೂ ಓದ್ತಾ ಕೂತ್ರೆ ಕೆಲಸ ಮಾಡೋದು ಯಾವಾಗಪ್ಪ?"

ಕಶ್ಯಪ್ ಚೀಲದಿಂದ ದಾರ ಕಟ್ಟಿದ ಒಂದು ಕಾಗದದ ಕಟ್ಟು ತೆಗೆದು ಕೊಟ್ಟ. "ಹತ್ತು ಮಾತ್ರ ಪ್ರಿಂಟ್ ತೆಗೆದಿದೀನಿ ಸಾರ್. ಸಂದರ್ಶನಕ್ಕೆ ಮುಂಚೆ ಒಂದ್ಸಲ ನೋಡ್ಕೊಂಡ್ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಒಳ್ಳೆಯದಕ್ಕೆ ಹೇಳುತ್ತೇನೆ ಎಂದು ಮುಂಚೆಯೇ ಹೇಳಿ ಹೇಳುವವರ ಬಗ್ಗೆ ಮಧುಸೂದನ್ ಅವರಿಗೆ ನಂಬಿಕೆಯಿರಲಿಲ್ಲ. ನಲವತ್ತೊಂದರ ಹೊಟ್ಟೆಯುರಿ ಎಂದುಕೊಂಡು ಕಟ್ಟನ್ನು ಊಟದ ಡಬ್ಬಿಯ ಪಕ್ಕ ತುರುಕಿದರು.

ಗಣೇಶನ ಹಬ್ಬ ಬಂತು. ಬೀದಿಯ ಚಪ್ಪರದಲ್ಲಿ ಬೆಳಗ್ಗಿನಿಂದ ಮೈಕು ಕಿರುಚುತ್ತಿತ್ತು. ಕಡುಬಿನ ಊಟ ಮುಗಿಸಿದ ಮಧುಸೂದನ್, ಸಂಜೆಯ ಭಾಷಣಕ್ಕೆ ಒಂದೆರಡು ಹೊಗಳಿಕೆಯ ಸಾಲು ಬೇಕಲ್ಲ, ತಾವೇ ಹೊಗಳಿಕೊಳ್ಳುವುದಕ್ಕಿಂತ ಹೊರದೇಶದವರ ಬಾಯಲ್ಲಿ ಹೇಳಿಸುವುದು ಚೆಂದ ಎಂದು ಕಶ್ಯಪನ ಕಟ್ಟನ್ನು ಬಿಚ್ಚಿದರು. ಅವನು ಪ್ರತಿಯೊಂದರಲ್ಲೂ ಇವರ ಹೆಸರಿರುವ ಕಡೆ ಹಳದಿ ಬಣ್ಣ ಬಳಿದಿದ್ದ.

ಮೊದಲನೆಯದು: ಮಧುಸೂದನ್ ಅವರ ಲೆಕ್ಕವನ್ನು ನಾವು ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ಆ ಅಣು ಕೂರಲಿಲ್ಲ.

ಎರಡನೆಯದು: ಇಂಥ ಎಡವಟ್ಟುಗಳಿಗೆ ಉದಾಹರಣೆಯಾಗಿ ನೋಡಿ, ಮಧುಸೂದನ್, ೧೯೯೭.

ಮೂರನೆಯದು: ಈಗ ಎಲ್ಲರಿಗೂ ತಿಳಿದಿರುವ ಆ ತಪ್ಪನ್ನು ನಾವು ಮಾಡಿಲ್ಲ ಎಂದು ಖಚಿತಪಡಿಸಿಕೊಂಡಿದ್ದೇವೆ. ಮುಂದೆ ಆವರಣದಲ್ಲಿ ಮಧುಸೂದನ್.

ಆರನೆಯದು ಜರ್ಮನಿಯ ವಿದ್ಯಾರ್ಥಿಗಳಿಗಾಗಿ ಮಾಡಿದ ಪಾಠ. ಅದರ ಕೊನೆಗೆ ಅಭ್ಯಾಸ: ಮಧುಸೂದನ್ ಅವರ ಪ್ರಬಂಧವನ್ನು ಓದಿ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಿರಿ. ಐದು ಅಂಕ.

ಎಂಟನೆಯದರಲ್ಲಿ ಮಾತ್ರ ಹೊಗಳಿಕೆ ಇತ್ತು. ಮಲೇರಿಯಾ ಬಗ್ಗೆ ಮಾಡಿದ ಅಮೂಲ್ಯ ಕೆಲಸಕ್ಕಾಗಿ ಅವರನ್ನು ಅದು ಸ್ಮರಿಸಿತ್ತು. ಮಧುಸೂದನ್ ಜನ್ಮದಲ್ಲಿ ಮಲೇರಿಯಾವನ್ನು ಮುಟ್ಟಿದವರಲ್ಲ.

ಶ್ರೀವಿದ್ಯಾ ಕಾಫಿ ತಂದಾಗ ಗಂಡ ಹತ್ತೂ ಕಾಗದಗಳನ್ನು ಚಾಪೆಯ ಮೇಲೆ ಹರಡಿಕೊಂಡು ನಡುವೆ ಕೂತಿದ್ದರು. ಶ್ರೀವಿದ್ಯಾ ನಿಂತಲ್ಲೇ ಹಳದಿ ಸಾಲುಗಳನ್ನು ಓದಿದರು. ಎರಡೆರಡು ಸಲ ಓದಿದರು.

"ಅಂದ್ರೆ," ಎಂದು ನಿಧಾನವಾಗಿ ಹೇಳಿದರು, "ನೂರ ಅರವತ್ಮೂರು ಜನ ಕುಂಕುಮಕ್ಕೆ ಬಂದಿದ್ರು. ಬಂದೋರೆಲ್ಲ ಆಚೆ ಹೋಗಿ ಈ ಮನೆ ಕಾಫಿ ಕೆಟ್ಟದಾಗಿದೆ ಅಂದ್ರು."

"ಶ್ರೀ, ಈಗ ಹೇಗೆ?"

"ನಾನು ಅವತ್ತೇ ಕೇಳ್ದೆ, ಏನಂತ ಬರೆದಿದಾರೆ ಅಂತ."

"ಆದ್ರೆ ನಾನು ಎಲ್ಲಿ ತಪ್ಪು ಮಾಡ್ದೆ? ಲೆಕ್ಕ ಸರಿಯಾಗೇ ಕೊಟ್ಟಿದ್ನಲ್ಲ! ಆರು ದಿನ ಓಡೋ ಲೆಕ್ಕ. ಮೊದಲ ಅರ್ಧದಲ್ಲಿ ಅಣು ಕೂರುತ್ತಾ ನೋಡೋದು. ಆಮೇಲಿನ ಅರ್ಧದಲ್ಲಿ ನೀರು ಹಾಕಿ, ಕೂತಿದ್ದು ಅಲ್ಲೇ ಇರತ್ತಾ ನೋಡೋದು. ಬಳೆ ತೊಡಿಸಿ ಆಮೇಲೆ ಕೈಗೆ ಸೋಪು ನೀರು ಹಾಕ್ದಂಗೆ..."

ಆ ಹೊತ್ತಿಗೆ ಸರಿಯಾಗಿ ಗೇಟಿನ ಚಿಲಕ ಸದ್ದಾಯಿತು. ಬಂದವನು ಆಂಜಿನಯ್ಯ. ಇಪ್ಪತ್ತೆಂಟು ವರ್ಷದಿಂದ ಲ್ಯಾಬಿನ ಅಟೆಂಡರು. ಕಾಟನ್‌ಪೇಟೆಯಿಂದ ಸಿಟಿ ಬಸ್ಸು ಹಿಡಿದು, ಇಸ್ತ್ರಿ ಅಂಗಿ ಹಾಕಿ, ಅರ್ಧ ಡಜನ್ ಬಾಳೆಹಣ್ಣು ಹಿಡಿದು, ಸಾಹೇಬರ ಸನ್ಮಾನ ನೋಡಲು ಬಂದಿದ್ದ.

"ಬಾಳ ಸಂತೋಷ ಆಯ್ತು ಸಾ. ಎಲ್ಲಾ ಆ ತಾಯಿ ಆಶೀರ್ವಾದ. ನಾನವತ್ತು ಮಾಡಿದ ಪೂಜೆ ಸುಮ್ನಾಗ್ಲಿಲ್ಲ."

"ಯಾವ ಪೂಜೆ?"

"ಮರೆತ್ರಾ? ನೀವು ಹಬ್ಬಕ್ಕೆ ಅಂತ ಮಾವನ ಮನೆಗೆ ಹೋಗಿದ್ರಿ. ಆಯುಧಪೂಜೆ ದಿನ ಬಂದು ನೋಡ್ತೀನಿ, ಎಲ್ಲಾ ಯಂತ್ರ ನಿಂತವೆ, ನಿಮ್ಮದೊಂದು ಗುಂಯ್ ಅಂತ ಓಡ್ತಾ ಐತೆ. ಆಯುಧಪೂಜೆ ದಿನ ಯಂತ್ರ ಓಡಿಸ್ಬಾರ್ದು ಸಾ, ಅಪಚಾರ. ಆರ್ಸಿಬಿಟ್ಟು, ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕ್ದೆ. ಮಾರನೇ ದಿನ ವಿಜಯದಶಮಿ, ಒಳ್ಳೆ ಗಳಿಗೆ ನೋಡಿ ಮತ್ತೆ ಆನ್ ಮಾಡ್ದೆ. ಅದಾಗಿ ಎರಡು ದಿನಕ್ಕೆ ನೀವು ಬಂದು ನೋಡ್ದೋರೇ 'ಆಂಜಿನಯ್ಯ, ಸಿಕ್ತು!' ಅಂತ ನಂಗೆ ಬೈಟು ಕಾಫಿ ಕುಡಿಸಿದ್ರಿ."

ಮಧುಸೂದನ್ ಅವರ ಮುಖ ಕಡುಬಿನ ಕಣಕದ ಬಣ್ಣಕ್ಕೆ ತಿರುಗಿತು. ಆ ಬೆಳಗ್ಗೆ ಕೀಬೋರ್ಡಿನ ಮೇಲೆ ಕುಂಕುಮ ಇದ್ದದ್ದು ಅವರಿಗೆ ನೆನಪಿತ್ತು. ಶುಭಸೂಚನೆ ಎಂದುಕೊಂಡಿದ್ದರು. ಒಮ್ಮೆ ಆರಿಸಿದರೆ ಲೆಕ್ಕ ತಾನಾಗಿ ಮುಂದುವರಿಯುವುದಿಲ್ಲ. ಮೂರು ದಿನ ಓಡಿ ನಿಂತ ಯಂತ್ರದ ಹೊಟ್ಟೆಯಲ್ಲಿ ಉಳಿದಿದ್ದ ಅರ್ಧ ಲೆಕ್ಕವನ್ನು ಪೂರ್ತಿ ಎಂದು ತಿಳಿದು, ಇಡೀ ಜಗತ್ತಿಗೆ ಅಚ್ಚು ಹಾಕಿಸಿ ಹಂಚಿದ್ದರು. ಸೋಪು ನೀರು ಬೀಳಲೇ ಇಲ್ಲ.

"ಆಂಜಿನಯ್ಯ, ಇದನ್ನ ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸಾ. ನನ್ ಪೂಜೆ ನಾನ್ಯಾಕೆ ಹೇಳ್ಕೊಳ್ಲಿ? ನೀವೇ ಭಾಷಣದಲ್ಲಿ ಒಂದು ಮಾತು ಹೇಳಿ."

ಸಂಜೆ ಏಳಕ್ಕೆ ವೇದಿಕೆ. ಮಾಯಣ್ಣನ ತಲೆಯ ಅಳತೆಗೆ ತಂದ ಮೈಸೂರು ಪೇಟ ಮಧುಸೂದನ್ ಅವರ ಹುಬ್ಬು ದಾಟಿ ಕಣ್ಣಿನ ಮೇಲೆ ಕೂತಿತು. ಶಾಲು ಬಿತ್ತು, ಏಲಕ್ಕಿ ಹಾರ ಬಿತ್ತು, ಹಣ್ಣಿನ ಬುಟ್ಟಿ ಮಡಿಲಿಗೆ ಬಿತ್ತು. ಮುಂದಿನ ಸಾಲಿನಲ್ಲಿ ರಂಗನಾಯಕಮ್ಮನವರು ಮಲ್ಲೇಶ್ವರದ ಕಡೆಯವರನ್ನು ಅಕ್ಕಪಕ್ಕ ಕೂರಿಸಿಕೊಂಡಿದ್ದರು. ಆರ್ಕೆಸ್ಟ್ರಾದವರು ಗಿಟಾರು ಕುಟ್ಟಿ ನೋಡುತ್ತ, ಇದು ಬೇಗ ಮುಗಿದರೆ ಸಾಕು ಎಂಬಂತೆ ನಿಂತಿದ್ದರು.

ಮಧುಸೂದನ್ ಮೂಲತಃ ಪ್ರಾಮಾಣಿಕರು. ಪೇಟದೊಳಗಿನ ಕತ್ತಲಲ್ಲಿ ಅವರ ಪ್ರಾಮಾಣಿಕತೆ ಜಾಗೃತವಾಯಿತು.

"ಬಂಧುಗಳೇ," ಎಂದರು. "ಈ ಸನ್ಮಾನಕ್ಕೆ ನಾನು ಯೋಗ್ಯನಲ್ಲ."

ಚಪ್ಪಾಳೆ.

"ನಾನು ನಿಜವಾಗಲೂ ಹೇಳ್ತಿದೀನಿ. ಆ ನೂರ ಅರವತ್ತಮೂರು ಜನ ನನ್ನನ್ನು ಹೊಗಳಿಲ್ಲ."

ಇನ್ನೂ ಜೋರು ಚಪ್ಪಾಳೆ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

"ನನ್ನ ಲೆಕ್ಕ ತಪ್ಪು! ಮೆಂತ್ಯದಿಂದ ಏನೂ ಆಗಲ್ಲ!"

ಮಾಯಣ್ಣ ಮೈಕು ಕಿತ್ತುಕೊಂಡ. "ಕೇಳಿದ್ರಾ ಮಹಾಜನಗಳೇ? ನೂರಾ ಅರವತ್ಮೂರು ದೇಶ ಸರಿ ಅಂದೈತೆ, ಇವರು ತಪ್ಪು ಅಂತಾವ್ರೆ! ನಮ್ಮ ರಾಜಕಾರಣಿಗಳು ತಪ್ಪು ಮಾಡಿ ಸರಿ ಅಂತಾರೆ, ಇವರು ಸರಿ ಮಾಡಿ ತಪ್ಪು ಅಂತಾರೆ! ಇಂಥ ವಿನಯ ಎಲ್ಲಿ ಐತೆ ಹೇಳಿ! ಹಿಂಗೆ ಇರೋರ ಬೀದಿಗೆ ಸೇವೆ ಮಾಡೋಕೆ ಒಂದು ಅವಕಾಶ ಈ ಮಾಯಣ್ಣಂಗೆ ಕೊಡಿ ಅಂತ..."

ಅಲ್ಲಿಗೆ ಆರ್ಕೆಸ್ಟ್ರಾ ಶುರುವಾಯಿತು. ಇಳಿದು ಬಂದ ಮಧುಸೂದನ್ ಅವರ ಕೈ ಹಿಡಿದು ದೊರೆಸ್ವಾಮಿ, "ನಂಗೂ ಹೋದ್ವರ್ಷ ಹಿಂಗೇ ಮುಜುಗರ ಆಗಿತ್ತು ಸಾರ್. ನಿಜ ಹೇಳ್ಬೇಕು ಅಂದ್ರೆ ನಲವತ್ತೊಂಬತ್ತೇ ತಿಂದಿದ್ದು," ಎಂದು ಕಿವಿಯಲ್ಲಿ ಹೇಳಿದ.

ಮಾರನೆಯ ದಿನ ಗಾಂಧಿಬಜಾರಿನ ಎರಡು ಅಂಗಡಿಗಳಲ್ಲಿ ಮೆಂತ್ಯ ಖಾಲಿಯಾಗಿತ್ತು ಎಂದು ಶ್ರೀವಿದ್ಯಾ ಬಂದು ಹೇಳಿದರು. ನಗಲಿಲ್ಲ.

ಸಂದರ್ಶನದ ದಿನ ಹತ್ತಿರವಾದಂತೆ ಮಧುಸೂದನ್ ಅವರ ಪ್ರಾಮಾಣಿಕತೆಯ ಅಳತೆ ಇಳಿಯುತ್ತ ಬಂತು. ಗಣೇಶನ ಮುಂದೆ ಮುಕ್ಕಾಲು ಸತ್ಯ ಹೇಳಿದ್ದವರು, ಆಯ್ಕೆ ಸಮಿತಿಯ ಮುಂದೆ ಕಾಲು ಸತ್ಯ ಸಾಕು ಎಂದು ಗೊತ್ತುಮಾಡಿಕೊಂಡರು. ಅದನ್ನೂ ಅವರೇ ಹೇಳುವ ಅಗತ್ಯ ಬೀಳಲಿಲ್ಲ. ಮೇಜಿನ ಮೇಲೆ ಕಶ್ಯಪನ ಪತ್ರವಿತ್ತು, ಹಳದಿ ಬಳಿದ ನೂರ ಅರವತ್ತಮೂರು ಹಾಳೆಗಳ ಸಮೇತ. ಪುಣ್ಯಾತ್ಮ ಎಲ್ಲವನ್ನೂ ಓದಿದ್ದ.

"ಏನ್ರೀ ಇದು?" ವರದರಾಜರು ಕಟ್ಟಿನ ಭಾರ ನೋಡಿ ಮುಖ ಸಿಂಡರಿಸಿದರು. "ಇವರೆಲ್ಲ ನಿಮ್ಮನ್ನ ಬೈದಿದಾರೆ ಅಂತ ಬರೆದಿದಾನೆ."

"ಕೆಲವರು... ಸ್ವಲ್ಪ ಟೀಕೆ ಮಾಡಿದಾರೆ ಸಾರ್."

"ಎಲ್ಲ ಸೇರಿಸಿ ಎಷ್ಟು ಜನ ಅಂತ ಎಣಿಸಿದರೆ ಎಷ್ಟು?"

"ನೂರ ಅರವತ್ಮೂರೇ ಸಾರ್."

"ಹಾಗಾದ್ರೆ ಸಂಖ್ಯೆ ಸರಿ ಇದೆಯಲ್ಲ." ನಿರ್ದೇಶಕರು ಅರ್ಜಿಯ ನಮೂನೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಟ್ಟು ಉಲ್ಲೇಖ ಅಂತ ಒಂದು ಕಾಲಂ ಇದೆ. ಬೈದಿದ್ದು, ಹೊಗಳಿದ್ದು ಅಂತ ಬೇರೆ ಕಾಲಂ ಇಲ್ಲ. ಇಲ್ಲದ ಕಾಲಂ ನಾವು ಸೃಷ್ಟಿ ಮಾಡಕ್ಕಾಗಲ್ಲ. ಮೇಲಾಗಿ ವಾರ್ಷಿಕ ವರದಿ ಅಚ್ಚಿಗೆ ಹೋಗಿದೆ. ಮೆಂತ್ಯದ ಚಿತ್ರ ಬಹಳ ಚೆನ್ನಾಗಿ ಬಂದಿದೆ."

ಹೊರಗಿನಿಂದ ಬಂದಿದ್ದ ತಜ್ಞರು ನರಸಿಂಹಯ್ಯ ಎಂಬ ವಯಸ್ಸಾದ ಪ್ರೊಫೆಸರು. ಅವರು ಕನ್ನಡಕ ಏರಿಸಿ ಮಧುಸೂದನ್ ಅವರನ್ನು ಪ್ರೀತಿಯಿಂದ ನೋಡಿದರು. "ನಾನೂ ನಿಮ್ಮನ್ನ ಉಲ್ಲೇಖ ಮಾಡಿದೀನಿ."

"ಏನಂತ ಸಾರ್?" ಎಂದರು ಮಧುಸೂದನ್. ಹೆಂಡತಿಯ ಪ್ರಶ್ನೆ ಅವರಿಗರಿವಿಲ್ಲದೆ ಅವರ ಬಾಯಿಂದ ಬಂದುಬಿಟ್ಟಿತು.

ಪ್ರೊಫೆಸರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಮಲೇರಿಯಾ ವಿಷಯ ಇರಬೇಕು. ನಮ್ಮ ಹುಡುಗ ಬರೆದದ್ದು, ನಾನು ಸಹಿ ಹಾಕಿದೆ."

ಕಶ್ಯಪನ ಸಂದರ್ಶನ ಆರು ನಿಮಿಷದಲ್ಲಿ ಮುಗಿಯಿತು. ನಲವತ್ತೊಂದು ಎಂಬುದು ಓದಲು ಅಷ್ಟೇನೂ ಹೊತ್ತು ಹಿಡಿಯುವ ಸಂಖ್ಯೆಯಲ್ಲ.

ಹೀಗೆ ಡಾಕ್ಟರ್ ಮಧುಸೂದನ್ ಪ್ರೊಫೆಸರ್ ಮಧುಸೂದನ್ ಆದರು. ಹೊಸ ಕೋಣೆ, ಕುರ್ಚಿಯ ಬೆನ್ನಿಗೆ ಬಿಳಿ ಟವೆಲು. ರಂಗನಾಯಕಮ್ಮನವರಿಗೆ ಟೆಲಿಫೋನಿನಲ್ಲಿ ಇನ್ನೊಂದು ವಾರದ ಕೆಲಸ ಸಿಕ್ಕಿತು. ಮಾಯಣ್ಣನಿಗೆ ಟಿಕೆಟ್ಟು ಸಿಗಲಿಲ್ಲ. ಮಾತ್ರೆ ಬಿಡದಿದ್ದುದರಿಂದ ಸಕ್ಕರೆ ಮಾತ್ರ ಇಳಿಯಿತು. ಅದರ ಕೀರ್ತಿಯನ್ನು ಅವನು ಮೆಂತ್ಯಕ್ಕೇ ಕೊಟ್ಟ. ಪ್ರೊಫೆಸರರ ಮೇಜಿಗೆ ಬಂದ ಮೊದಲ ಕಾಗದ ಕಶ್ಯಪನ ರಜೆ ಅರ್ಜಿ: ದಸರೆಗೆ ಮೈಸೂರಿಗೆ, ನಾಲ್ಕು ದಿನ.

"ಹೋಗ್ಬಾರಪ್ಪ," ಎಂದು ಸಹಿ ಹಾಕಿದರು. ಆ ಸಹಿಗೆ ಎರಡು ತಿಂಗಳಿನ ಅನ್ನದ ರುಚಿ ಇತ್ತು.

ಕಶ್ಯಪ್ ಹೋಗಲಿಲ್ಲ, ನಿಂತೇ ಇದ್ದ. "ಸಾರ್, ಒಂದು ವಿಷಯ. ನನ್ನ ಲೆಕ್ಕ ಓಡ್ತಾ ಇದೆ. ಹತ್ತು ದಿನದ್ದು, ನಾನು ವಾಪಸ್ ಬರೋ ಹೊತ್ತಿಗೆ ಮುಗಿಯತ್ತೆ. ಯಾರೂ ಮುಟ್ಟದ ಹಾಗೆ ಸ್ವಲ್ಪ ನೋಡ್ಕೋತೀರಾ? ಎರಡು ವರ್ಷದ ಕೆಲಸ ಸಾರ್." ಧ್ವನಿಯಲ್ಲಿ ಕಹಿಯಿರಲಿಲ್ಲ. ಅದೇ ಮಧುಸೂದನ್ ಅವರಿಗೆ ಹೆಚ್ಚು ಚುಚ್ಚಿತು.

"ನಾನಿದೀನಲ್ಲ," ಎಂದರು.

ಆಯುಧಪೂಜೆಯ ಬೆಳಗ್ಗೆ ಸಂಸ್ಥೆಯ ಗೇಟಿಗೆ ಬಾಳೆಕಂದು ಕಟ್ಟಿದ್ದರು. ನಿರ್ದೇಶಕರ ಕಾರಿನ ಮುಂದೆ ಬೂದುಗುಂಬಳ ಒಡೆದು, ಕುಂಕುಮದ ನೀರು ಟೈರಿನವರೆಗೆ ಹರಿದಿತ್ತು. ಮಧುಸೂದನ್ ಪಂಚೆ ಉಟ್ಟುಕೊಂಡು ಬಂದು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಆಂಜಿನಯ್ಯ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಸೇವಂತಿಗೆ ಹಾರ, ಕಡ್ಲೆಪುರಿ ಇಟ್ಟುಕೊಂಡು ಯಂತ್ರದಿಂದ ಯಂತ್ರಕ್ಕೆ ಹೋಗುತ್ತಿದ್ದ. ಎಲ್ಲವೂ ಆರಿದ್ದವು. ಮೂಲೆಯದೊಂದು ಮಾತ್ರ ಗುಂಯ್ ಎನ್ನುತ್ತಿತ್ತು. ಅದರ ಮೇಲೆ ಕಶ್ಯಪನ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ: ದಯವಿಟ್ಟು ಮುಟ್ಟಬೇಡಿ.

ಆಂಜಿನಯ್ಯ ಚೀಟಿಯ ಸರಿಯಾಗಿ ನಡುವೆ ಕುಂಕುಮ ಇಟ್ಟ. ಆಮೇಲೆ ತಿರುಗಿ ಸಾಹೇಬರನ್ನು ನೋಡಿದ.

"ಆರಿಸ್ಲಾ ಸಾ? ನಿಮಗೆ ಆದಂಗೆ ಆ ಹುಡುಗನಿಗೂ ಒಳ್ಳೇದಾಗ್ಲಿ. ಪಾಪ, ಈ ಸಲ ಕೈತಪ್ಪಿ ಹೋಯ್ತು."

ಮಧುಸೂದನ್ ಬಾಯಿ ತೆರೆದರು. ಬೇಡ ಎಂಬ ಎರಡು ಅಕ್ಷರ ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಿಗಿಯಾಗಿಯೇ ಕೂತಿತ್ತು. ಆಗ ಅವರಿಗೆ ಆ ಹಳದಿ ಬಣ್ಣ ನೆನಪಾಯಿತು. ನೂರ ಅರವತ್ತಮೂರು ಹಾಳೆಗೂ ಬಳಿದಿದ್ದನಲ್ಲ, ಒಂದನ್ನೂ ಬಿಡದೆ! ಬೇರೆಯವರದ್ದನ್ನೆಲ್ಲ ಇಷ್ಟು ಚೆನ್ನಾಗಿ ಓದುವ ಹುಡುಗ ತನ್ನದನ್ನೂ ಓದಿಕೊಳ್ಳುತ್ತಾನೆ, ನಿಂತದ್ದು ಗೊತ್ತಾದರೆ ಮತ್ತೆ ಓಡಿಸಿಕೊಳ್ಳುತ್ತಾನೆ. ಗೊತ್ತಾಗದಿದ್ದರೆ? ಗೊತ್ತಾಗದಿದ್ದರೆ ಇನ್ನೈದು ವರ್ಷಕ್ಕೆ ಇನ್ನೂರು ಉಲ್ಲೇಖ. ಒಂದು ರೀತಿಯಲ್ಲಿ ಇದು ಉಪಕಾರವೇ.

ಬಾಯಿ ಮುಚ್ಚಿದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಟ್ಟೆಯಿಂದ ಒಂದು ಹಿಡಿ ಕಡ್ಲೆಪುರಿ ತೆಗೆದುಕೊಂಡರು.

ಟಕ್.

ಬಹಳ ಸಣ್ಣ ಸದ್ದು. ಗುಂಯ್‌ಗುಡುವಿಕೆ ನಿಂತ ಮೇಲೆ ಆ ಕೋಣೆ ಎಷ್ಟು ದೊಡ್ಡದೆಂದು ಗೊತ್ತಾಯಿತು. ಆಂಜಿನಯ್ಯ ಭಕ್ತಿಯಿಂದ ಹಾರ ಹಾಕಿ ಮಂಗಳಾರತಿ ಎತ್ತಿದ.

ಮಧ್ಯಾಹ್ನ ಮೇಜಿನ ಮೇಲಿನ ಟೆಲಿಫೋನು ಹೊಡೆದುಕೊಂಡಿತು. ಮೈಸೂರಿನಿಂದ ಕಶ್ಯಪ್. ಹಿಂದೆ ಯಾವುದೋ ಎಸ್‌ಟಿಡಿ ಬೂತಿನ ಗದ್ದಲ.

"ಸಾರ್, ನಮಸ್ಕಾರ. ಎಲ್ಲಾ ಸರಿಯಾಗಿದೆಯಾ?"

ಪ್ರೊಫೆಸರ್ ಮಧುಸೂದನ್ ತೆರೆದ ಬಾಗಿಲಿನಾಚೆ ನೋಡಿದರು. ಎದುರಿನ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಯಂತ್ರ ಸೇವಂತಿಗೆಯ ಕೆಳಗೆ ತಣ್ಣಗೆ ಕೂತಿತ್ತು. ಹೆಂಡತಿಗೆ ಹೇಳಿದರೆ ಶ್ರೀವಿದ್ಯಾ ಎರಡೆರಡು ಸಲ ಕೇಳಿಸಿಕೊಂಡು, ಆಮೇಲೆ ಮಾತೇ ಆಡುವುದಿಲ್ಲ. ತಾಯಿಗೆ ಹೇಳಿದರೆ ಮಲ್ಲೇಶ್ವರಕ್ಕೆ ಹೇಳಿದಂತೆ. ಇವನಿಗೆ ಹೇಳುವುದೆಂದರೆ, ಈಗಲೇ ಹೇಳಬೇಕು. ಹೇಳಿದರೆ ಸಂಜೆಯ ಬಸ್ಸಿನಲ್ಲೇ ಬಂದು ಸರಿಮಾಡಿಕೊಂಡಾನು.

"ಪೂಜೆ ಬಹಳ ಚೆನ್ನಾಗಾಯ್ತು ಕಣಪ್ಪ," ಎಂದರು. "ನಿನ್ನದಕ್ಕೇ ದೊಡ್ಡ ಹಾರ."

ರಿಸೀವರು ಇಟ್ಟರು. ಬೆರಳ ತುದಿಗೆ ಅಂಟಿದ್ದ ಕುಂಕುಮವನ್ನು ಕುರ್ಚಿಯ ಬಿಳಿ ಟವೆಲಿಗೆ ಒರೆಸಿದರು. ಇದನ್ನು ಯಾರಿಗೂ ಹೇಳಬಾರದು ಎಂದು ಗಟ್ಟಿಮಾಡಿಕೊಂಡು, ಉಳಿದ ಕಡ್ಲೆಪುರಿಯನ್ನು ಒಂದೂ ಬೀಳದ ಹಾಗೆ ಬಾಯಿಗೆ ಹಾಕಿಕೊಂಡರು.